46ಕ್ಕೇ ಕಾಪಿರೈಟಿಂಗ್ ಬಿಡಬೇಕಾ?

46 ದಾಟಿದ ಮೇಲೆ ಜಾಹೀರಾತು ಏಜೆನ್ಸಿಗಳು 'ಯಂಗ್ ಟೀಮ್ ಬೇಕು' ಅಂತ ವಾಪಸ್ ಕಳಿಸ್ತಿವೆ, ಕನ್ನಡ ಕಾಪಿರೈಟಿಂಗ್ (ಜಾಹೀರಾತು ಬರೆಯೋ ಕೆಲಸ) ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಇದು ನಿಮ್ಮ ಬರವಣಿಗೆಯ ಲೋಪ ಅಲ್ಲ, ಸಂಬಳದ ಲೆಕ್ಕ: ಒಬ್ಬ ಸೀನಿಯರ್‌ಗೆ ಕೊಡೋ ದುಡ್ಡಲ್ಲಿ ಇಬ್ಬರು ಜೂನಿಯರ್‌ಗಳು ಸಿಗ್ತಾರೆ. ಅನ್ಯಾಯವೇ, ಆದರೆ ಖಾಸಗಿ ಕಂಪನಿಗಳಲ್ಲಿ ವಯಸ್ಸಿನ ತಾರತಮ್ಯ ತಡೆಯೋಕೆ ಅಂತಲೇ ಒಂದು ಕಾನೂನು ನಮ್ಮಲ್ಲಿಲ್ಲ. 1955ರಲ್ಲಿ ಹುಟ್ಟಿದ ಜಾಹೀರಾತು ಬರಹಗಾರ ಪಿಯೂಷ್ ಪಾಂಡೆ 2023ರವರೆಗೂ ಓಗಿಲ್ವಿ ಇಂಡಿಯಾ ಏಜೆನ್ಸಿಯ ಚುಕ್ಕಾಣಿ ಹಿಡಿದಿದ್ದರು ನಿಜ, ಅಂಥ ಕುರ್ಚಿ ಎಷ್ಟು ಜನಕ್ಕೆ ಸಿಗುತ್ತೆ?

ನೀವು ನೇರವಾಗಿ ಕ್ಲೈಂಟ್ ಹತ್ತಿರ ಹೋಗಿ. ಹಿಂದಿಯಿಂದ ತರ್ಜುಮೆಯಾದ ಒಂದು ರೇಡಿಯೋ ಜಾಹೀರಾತು ತಗೊಂಡು, ಹುಬ್ಬಳ್ಳಿ ಮಾತಲ್ಲೊಂದು, ಮಂಗಳೂರಿನ ಮಾತಲ್ಲೊಂದು ಹೊಸದಾಗಿ ಬರೆದು, ಮೂಲದ ಪಕ್ಕದಲ್ಲಿಟ್ಟು ತೋರಿಸಿ. ಒಡವೆ ಅಂಗಡಿಯವರಿಗೆ, ಮಸಾಲೆ ಪುಡಿ ಮಾರೋರಿಗೆ ಆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತೆ. ತಿಂಗಳ ರಿಟೇನರ್ (ಪ್ರತಿ ತಿಂಗಳು ಕೊಡೋ ನಿಗದಿತ ಶುಲ್ಕ) ಕೇಳಿ, ಮುಂಗಡ ಕೈಗೆ ಬರೋವರೆಗೂ ಒಂದು ಸಾಲೂ ಬರೆಯಬೇಡಿ.