ಗುಂಟೆ, ಸೆಂಟು ಮತ್ತು ಇಂಗ್ಲಿಷ್ ಸರಪಳಿ
ಓದುಗರ ಪ್ರಶ್ನೆ – ಈ ಸಲ ಜಮೀನಿನ ಅಳತೆ

ಪ್ರಶ್ನೆ: ಮುಳಬಾಗಿಲು ತಾಲ್ಲೂಕಿನ ನಮ್ಮ ಹೊಲದ ಪಹಣಿ ಎಕರೆ–ಗುಂಟೆಯಲ್ಲಿದೆ. ಗಡಿ ದಾಟಿ ಆಂಧ್ರದ ಪಲಮನೇರು ಕಡೆ ಹೋದರೆ ನಮ್ಮ ಮಾವನವರ ಜಮೀನು ಎಕರೆ–ಸೆಂಟಿನಲ್ಲಿದೆ. ಎರಡೂ ಕಡೆಯ ಎಕರೆ ಒಂದೇನಾ? ಇಂಗ್ಲಿಷರೇ ಅಳೆಸಿದ್ದಾದರೆ ಎರಡು ಲೆಕ್ಕ ಯಾಕೆ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ಎಕರೆ ಒಂದೇ. ಅಲ್ಲೂ ಇಲ್ಲೂ 43,560 ಚದರ ಅಡಿ. ಅದನ್ನು ಒಡೆಯುವ ರೀತಿ ಮಾತ್ರ ಬೇರೆ. ನಮ್ಮಲ್ಲಿ 40 ಪಾಲು ಮಾಡಿದರೆ ಒಂದು ಪಾಲು ಗುಂಟೆ, 1,089 ಚದರ ಅಡಿ. ಅಲ್ಲಿ 100 ಪಾಲು ಮಾಡಿದರೆ ಒಂದು ಪಾಲು ಸೆಂಟು, 435.6 ಚದರ ಅಡಿ. ಹಾಗಾಗಿ ಒಂದು ಗುಂಟೆಗೆ ಎರಡೂವರೆ ಸೆಂಟು. ಗುಂಟೆಯನ್ನು 2.5ರಿಂದ ಗುಣಿಸಿದರೆ ಸೆಂಟು ಬರುತ್ತದೆ, ಸೆಂಟನ್ನು 2.5ರಿಂದ ಭಾಗಿಸಿದರೆ ಗುಂಟೆ. 16 ಗುಂಟೆ ಎಂದರೆ 40 ಸೆಂಟು.

43,560 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಇಂಗ್ಲೆಂಡಿನ ಉಳುಮೆಯಿಂದ. ಎತ್ತುಗಳು ಒಂದೇ ಉಸಿರಿಗೆ ಎಳೆಯುವ ನೇಗಿಲ ಸಾಲಿನ ಉದ್ದವನ್ನು ಅಲ್ಲಿನವರು ಫರ್ಲಾಂಗ್ ಎಂದರು. ಮೊದಲಿಗೆ ಆ ಪದದ ಅರ್ಥವೇ ಸಾಲಿನ ಉದ್ದ ಎಂದು. ಅದು 660 ಅಡಿ. ಒಂದು ಜೋಡಿ ಎತ್ತು ಒಂದು ದಿನದಲ್ಲಿ ಉಳುವಷ್ಟು ನೆಲ, ಅಂದರೆ 660 ಅಡಿ ಉದ್ದ, 66 ಅಡಿ ಅಗಲದ ಪಟ್ಟಿ, ಎಕರೆ ಆಯಿತು. 1620ರ ಸುಮಾರಿಗೆ ಎಡ್ಮಂಡ್ ಗಂಟರ್ ಎಂಬ ಗಣಿತಜ್ಞ ಸರಿಯಾಗಿ ಆ 66 ಅಡಿಗೆ ಸರಪಳಿ ಮಾಡಿಸಿ, ಅದನ್ನು 100 ಕೊಂಡಿಗಳಾಗಿ ಭಾಗಿಸಿದ. ಇದು ಬಹಳ ಜಾಣ ಕೆಲಸ. 10 ಚದರ ಸರಪಳಿ ಒಂದು ಎಕರೆ ಆದ್ದರಿಂದ, ಕೊಂಡಿಗಳ ಲೆಕ್ಕದಲ್ಲಿ ಅಳೆದು ಗುಣಿಸಿ ದಶಮಾಂಶದ ಚುಕ್ಕಿ ಸರಿಸಿದರೆ ಎಕರೆ ಸಿಗುತ್ತದೆ. ಸೆಂಟಿನ ಮೂಲ ಇದು. 1,000 ಚದರ ಕೊಂಡಿಗೆ ಒಂದು ಸೆಂಟು.

ಪಲಮನೇರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಅಲ್ಲಿ ಈ ದಶಮಾಂಶದ ಕ್ರಮ ನಿಂತಿತು. ಮೈಸೂರಿನ ಕಥೆ ಬೇರೆ. 1831ರಿಂದ 1881ರವರೆಗೆ ಸಂಸ್ಥಾನದ ಆಡಳಿತ ಇಂಗ್ಲಿಷ್ ಕಮಿಷನರುಗಳ ಕೈಯಲ್ಲಿತ್ತು. ಬೌರಿಂಗ್ ಕಮಿಷನರ್ ಆಗಿದ್ದಾಗ, 1863ರಲ್ಲಿ, ಇಲ್ಲಿ ಕಂದಾಯ ಸರ್ವೆ ಶುರುವಾಯಿತು. ಅದಕ್ಕೆ ಆರಿಸಿಕೊಂಡದ್ದು ಬೊಂಬಾಯಿ ಪ್ರಾಂತ್ಯದ ಪದ್ಧತಿ. ಬೊಂಬಾಯಿಯವರು ಗಂಟರನ ಸರಪಳಿಯನ್ನು ಅರ್ಧ ಮಾಡಿ 33 ಅಡಿಗೆ ಇಳಿಸಿದ್ದರು. ಅದನ್ನು ನಮ್ಮ ಜನಕ್ಕೆ ರೂಢಿಯಿದ್ದ ರೂಪಾಯಿಯಂತೆ 16 ಆಣೆಗಳಾಗಿ ವಿಂಗಡಿಸಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ, ಅಷ್ಟೇ ಒಂದು ಗುಂಟೆ. 8 ಸರಪಳಿಗೆ 5 ಸರಪಳಿ ಇದ್ದರೆ 40 ಗುಂಟೆ, ಒಂದು ಎಕರೆ. ಕಾಗದ ಪೆನ್ಸಿಲ್ಲು ಬೇಡ. ದುಡ್ಡಿನ ಆಣೆ 1957ರಲ್ಲಿ ಹೋಯಿತು, ಗುಂಟೆಯ ಆಣೆ, ಅಂದರೆ ಗುಂಟೆಯ 16ನೇ ಒಂದು ಪಾಲು, ಪಹಣಿಯಲ್ಲಿ ಇನ್ನೂ ಉಳಿದಿದೆ.

ಈ ಸರ್ವೆಗೆ ಮೊದಲು ನಮ್ಮಲ್ಲಿ ಹೊಲವನ್ನು ಬಿತ್ತನೆಯ ಬೀಜದಿಂದ ಅಳೆಯುತ್ತಿದ್ದರು. ಇಷ್ಟು ಕೊಳಗದ ಹೊಲ, ಇಷ್ಟು ಖಂಡುಗದ ಗದ್ದೆ ಅಂತ. ಖಂಡುಗಕ್ಕೆ 20 ಕೊಳಗ. ರೈತನಿಗೆ ಅದು ಒಳ್ಳೆಯ ಅಳತೆಯೇ ಆಗಿತ್ತು, ಎಷ್ಟು ಬೀಜ ಬೇಕು ಅನ್ನುವುದು ಅದರಲ್ಲೇ ಇತ್ತು. ಆದರೆ ಖಂಡುಗ ಗದ್ದೆಗೂ ಖಂಡುಗ ಬೆದ್ದಲಿಗೂ ವಿಸ್ತೀರ್ಣದಲ್ಲಿ ಅಜಗಜಾಂತರ. ಎಲ್ಲ ಹೊಲಕ್ಕೂ ಒಂದೇ ಅಳತೆಗೋಲಿಂದ ಕಂದಾಯ ಕಟ್ಟಬೇಕೆಂದವರಿಗೆ ಅದು ಒಗ್ಗಲಿಲ್ಲ.

ಪ್ರಶ್ನೆ: ಎರಡು ಸರ್ವೆ ನಂಬರ್‌ಗಳಲ್ಲಿ 1-25 ಮತ್ತು 1-30 ಇದೆ. ಮಧ್ಯವರ್ತಿ ಒಟ್ಟು 2-55 ಎಂದು ಬರೆದಿದ್ದಾರೆ. ಸರಿಯೆ?
– ಓದುಗರೊಬ್ಬರು, ಶಿರಾ

ಉತ್ತರ: ತಪ್ಪು. 40 ಗುಂಟೆ ಆದೊಡನೆ ಎಕರೆಗೆ ಏರಬೇಕು. 55ರಲ್ಲಿ 40 ತೆಗೆದರೆ 15, ಹಾಗಾಗಿ 3 ಎಕರೆ 15 ಗುಂಟೆ. ಪಹಣಿಯಲ್ಲಿ ಎಕರೆ–ಗುಂಟೆಯ ನಡುವೆ ಬರುವ ಚುಕ್ಕಿ ದಶಮಾಂಶದ್ದಲ್ಲ ಎಂಬುದನ್ನು ಮನೆಮಂದಿಗೆಲ್ಲ ಹೇಳಿಡಿ. 2.20 ಎಂದಿದ್ದರೆ ಅದು ಎರಡೂವರೆ ಎಕರೆ. ಎಕರೆಗೆ 20 ಲಕ್ಷ ರೂಪಾಯಿಯಂತೆ ಮಾರುವವರು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 2.20ನ್ನೇ ಗುಣಿಸಿದರೆ 44 ಲಕ್ಷ ಬರುತ್ತದೆ. ಸರಿಯಾದ ಮೊತ್ತ 50 ಲಕ್ಷ. ಗುಂಟೆಯನ್ನು ಮೊದಲು 40ರಿಂದ ಭಾಗಿಸಿ ಎಕರೆಗೆ ಕೂಡಿಸಿಕೊಳ್ಳಿ, ಆಮೇಲೆ ದರ ಹಾಕಿ.

ಪ್ರಶ್ನೆ: ಕ್ರಿಕೆಟ್ ಪಿಚ್ 22 ಗಜವೇ ಯಾಕೆ?
– ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: 22 ಗಜ ಎಂದರೆ 66 ಅಡಿ. ಮೇಲೆ ಹೇಳಿದ ಗಂಟರನ ಒಂದು ಸರಪಳಿ! ಹತ್ತು ಸರಪಳಿಗೆ ಫರ್ಲಾಂಗ್, 80 ಸರಪಳಿಗೆ ಮೈಲಿ. ಅಮೆರಿಕ ಸ್ವತಂತ್ರವಾದ ಮೇಲೂ 1785ರ ಕಾನೂನಿನಲ್ಲಿ ಪಶ್ಚಿಮದ ನೆಲವನ್ನು ಇದೇ ಅಳತೆಯಲ್ಲಿ ಚೌಕ ಚೌಕವಾಗಿ ಹಂಚಿತು. ಚೌಕದ ಒಂದು ಬದಿ 80 ಸರಪಳಿ, ವಿಸ್ತೀರ್ಣ 640 ಎಕರೆ.

ಪ್ರಶ್ನೆ: ನಮ್ಮದು ನಾಲ್ಕು ಬದಿಯ ಹೊಲ, ಪ್ರತಿ ಬದಿ 200 ಅಡಿ. ಟೇಪ್ ಹಿಡಿದು ನಾವೇ ಅಳೆದಾಗ 36 ಗುಂಟೆ 12 ಆಣೆ ಬಂತು, ಪಹಣಿಯಲ್ಲಿ 34 ಗುಂಟೆ ಇದೆ. ಒತ್ತುವರಿಯವರು ಯಾರೂ ಇಲ್ಲ. ವ್ಯತ್ಯಾಸ ಎಲ್ಲಿಂದ?
– ಓದುಗರೊಬ್ಬರು, ಗೌರಿಬಿದನೂರು

ಉತ್ತರ: ಎದುರು ಬದುರು ಬದಿಗಳ ಸರಾಸರಿ ತೆಗೆದು ಗುಣಿಸಿದ್ದೀರಿ ಎನಿಸುತ್ತದೆ. ಹಳ್ಳಿಗಳಲ್ಲಿ ಎಲ್ಲರೂ ಮಾಡುವ ಲೆಕ್ಕ ಇದು. ಮೂಲೆಗಳೆಲ್ಲ ಲಂಬಕೋನವಾಗಿದ್ದರೆ ಮಾತ್ರ ಇದು ಸರಿ. ಮೂಲೆ ಓರೆಯಾದರೆ ಯಾವಾಗಲೂ ಹೆಚ್ಚೇ ತೋರಿಸುತ್ತದೆ, ಒಮ್ಮೆಯೂ ಕಡಿಮೆ ತೋರಿಸುವುದಿಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೂ ಟೇಪ್ ಎಳೆಯಿರಿ. ಪೂರ್ತಿ ಚೌಕವಾದರೆ 283 ಅಡಿ ಇರಬೇಕು. ಉದಾಹರಣೆಗೆ ಅಲ್ಲಿ 229 ಅಡಿ ಬಂತೆನ್ನಿ. ಆಗ ಹೊಲ ಎರಡು ತ್ರಿಕೋನವಾಯಿತು. ಆ ಕರ್ಣವನ್ನೇ ಬುಡವಾಗಿಟ್ಟು, ಉಳಿದ ಮೂಲೆಯಿಂದ ಅದಕ್ಕೆ ಲಂಬವಾಗಿ ಅಳೆಯಿರಿ, ಸುಮಾರು 164 ಅಡಿ ಬರುತ್ತದೆ. ಬುಡ ಮತ್ತು ಲಂಬವನ್ನು ಗುಣಿಸಿ ಅರ್ಧ ಮಾಡಿದರೆ ಒಂದು ತ್ರಿಕೋನ. ಎರಡನ್ನೂ ಕೂಡಿಸಿ 1,089ರಿಂದ ಭಾಗಿಸಿದರೆ ಸುಮಾರು 34 ಗುಂಟೆ 8 ಆಣೆ. ಎರಡು ಗುಂಟೆಗೂ ಮೇಲೆ ಸುಳ್ಳು ನೆಲ ಹೀಗೆ ಹುಟ್ಟುತ್ತದೆ. ಸರ್ವೆಯವರು ಕ್ರಾಸ್ ಸ್ಟಾಫ್ ಎಂಬ ಲಂಬಕೋನ ಹಿಡಿಯುವ ಸಾಧನ ಇಟ್ಟು ಲಂಬ ತೆಗೆಯುತ್ತಿದ್ದದ್ದು ಇದಕ್ಕೇ.

ಹೊಲ ಇಳಿಜಾರಾಗಿದ್ದರೆ ಟೇಪನ್ನು ನೆಲಕ್ಕೆ ತಾಗಿಸಿ ಎಳೆಯಬೇಡಿ. ದಾಖಲೆಯ ಅಳತೆ ಸಮಮಟ್ಟದ್ದು. 10 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲಿನ 100 ಅಡಿ, ಮಟ್ಟದಲ್ಲಿ 98.5 ಅಡಿ ಮಾತ್ರ. ಟೇಪನ್ನು ಮಟ್ಟವಾಗಿ ಬಿಗಿದು, ತುದಿಯಿಂದ ತೂಕದ ಗುಂಡು ಇಳಿಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಅಳೆಯಿರಿ.

ಹಳೆಯ ಸರಪಳಿಯ ತಪ್ಪು ಇದಕ್ಕೆ ತಿರುಗಾಮುರುಗಾ. ಕೊಂಡಿಗಳ ಬಳೆ ಸವೆದರೆ ಸರಪಳಿ ಉದ್ದವಾಗುತ್ತದೆ, ಆಗ ನೆಲ ಕಡಿಮೆ ಬರುತ್ತದೆ. 33 ಅಡಿಗೆ 3 ಅಂಗುಲ ಬೆಳೆದಿದ್ದರೆ, ಎರಡೂವರೆ ಎಕರೆ ಎಂದು ಬರೆದ ಹೊಲ ನಿಜಕ್ಕೂ ಒಂದೂವರೆ ಗುಂಟೆ ಹೆಚ್ಚಿರುತ್ತದೆ.

ಇದೆಲ್ಲ ಸರಿ ಮಾಡಿದ ಮೇಲೂ ವ್ಯತ್ಯಾಸ ಉಳಿದರೆ ಪಹಣಿಯ ಖರಾಬಿನ ಕಾಲಂ ನೋಡಿ. ಬಂಡೆ, ದಿಣ್ಣೆಯಂಥ ಸಾಗುವಳಿಗೆ ಬಾರದ ಜಾಗ ಎ ಖರಾಬು. ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಜಾಗ ಬಿ ಖರಾಬು, ಅದನ್ನು ನಿಮ್ಮದೆಂದು ಮಾರುವಂತಿಲ್ಲ. ನೀವು ಟೇಪ್ ಎಳೆಯುವಾಗ ಎರಡೂ ಒಳಗೆ ಸೇರಿರುತ್ತವೆ, 34 ಗುಂಟೆ ಎಂಬುದು ಅವನ್ನು ಕಳೆದ ಲೆಕ್ಕವಾಗಿರಬಹುದು. ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ) ಮತ್ತು ಟಿಪ್ಪಣಿಯ (ಸರ್ವೆಯವರು ಅಳತೆ ಗುರುತಿಸಿದ ನಕ್ಷೆ) ನಕಲು ತೆಗೆಸಿ ತಾಳೆ ನೋಡಿ. ಅಲ್ಲೂ ಹೊಂದದಿದ್ದರೆ ಹದ್ದುಬಸ್ತಿಗೆ, ಅಂದರೆ ಸರ್ವೆಯವರು ಬಂದು ಗಡಿ ಗುರುತಿಸುವ ಅಳತೆಗೆ, ಅರ್ಜಿ ಕೊಡಿ. ಅಳತೆಯ ದಿನ ಅಕ್ಕಪಕ್ಕದ ಹೊಲದವರಿಗೂ ನೋಟಿಸ್ ತಲುಪಿರಬೇಕು, ಇಲ್ಲದಿದ್ದರೆ ಆಮೇಲೆ ತಕರಾರು ಎದ್ದು ಅಳತೆ ಮತ್ತೆ ಮೊದಲಿಂದ ಆಗುತ್ತದೆ. ಮೂಲೆಯ ಹಳೆಯ ಗಡಿಕಲ್ಲನ್ನು ಅಲ್ಲಿಯವರೆಗೆ ಯಾರೂ ಅಲುಗಿಸದಂತೆ ನೋಡಿಕೊಳ್ಳಿ, ಸರ್ವೆಯವರು ಟಿಪ್ಪಣಿ ಹಿಡಿದು ಮೊದಲು ಹುಡುಕುವುದು ಅದನ್ನೇ.