ಹಿತ್ತಿಲಲ್ಲಿರುವ ರೂಬಾರ್ಬ್ ಯಾವಾಗ ಕೊಯ್ಯಬೇಕು? ಎಲೆಯಿಂದ ಪತ್ರೊಡೆ ಮಾಡಬಹುದಾ?

ಮೊದಲು ಪತ್ರೊಡೆಯ ಆಸೆ ಬಿಟ್ಟುಬಿಡಿ.

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೊಂಡ ಮನೆಯ ಹಿತ್ತಿಲಲ್ಲಿ ಕೆಂಪು ದಂಟಿನ, ಅಗಲ ಎಲೆಯ ಗಿಡ ಇದೆ, ಪಕ್ಕದ ಮನೆಯವರು ಅದನ್ನು ರೂಬಾರ್ಬ್ ಅಂದರು ಅಂತ ಬರೆದಿದ್ದೀರಿ. ಆ ಎಲೆ ನೋಡಿದರೆ ನಮ್ಮ ಕಡೆಯವರಿಗೆ ಕೆಸು ನೆನಪಾಗುವುದು ಸಹಜ. ಆದರೆ ಕೆಸುವಿನ ತುರಿಕೆಯನ್ನು ಹುಣಸೆಹುಳಿ ಹಾಕಿ, ಚೆನ್ನಾಗಿ ಬೇಯಿಸಿ ಕಳೆಯುತ್ತೇವಲ್ಲ, ಆ ಉಪಾಯ ಇಲ್ಲಿ ನಡೆಯುವುದಿಲ್ಲ. ರೂಬಾರ್ಬ್ ಎಲೆಯಲ್ಲಿ ಆಕ್ಸಾಲಿಕ್ ಆಮ್ಲ ಜಾಸ್ತಿ, ಬೇಯಿಸಿದರೂ ಅದು ವಿಷವೇ. ಮೊದಲ ಮಹಾಯುದ್ಧದ ಕಾಲದಲ್ಲಿ ತರಕಾರಿಗೆ ಅಭಾವ ಬಂದಾಗ, ಇದನ್ನು ಸೊಪ್ಪಿನ ಹಾಗೆ ತಿನ್ನಿ ಅಂತ ಬ್ರಿಟನ್ನಿನಲ್ಲಿ ಸಲಹೆ ಕೊಟ್ಟಿದ್ದರು. ತಿಂದು ಸತ್ತವರೂ ಇದ್ದಾರೆ. ಎಲೆಯನ್ನು ಕಾಂಪೋಸ್ಟ್‌ಗೆ ಹಾಕಿ, ಗೊಬ್ಬರಕ್ಕೆ ಏನೂ ಆಗುವುದಿಲ್ಲ.

ತಿನ್ನುವುದು ದಂಟು ಮಾತ್ರ. ಕೊಯ್ಯುವ ಕಾಲ ಏಪ್ರಿಲ್‌ನಿಂದ ಜೂನ್ ಕೊನೆಯವರೆಗೆ. ಆಮೇಲೆ ಬಿಟ್ಟುಬಿಡಿ, ಮುಂದಿನ ವರ್ಷಕ್ಕೆ ಬೇರಿನಲ್ಲಿ ಶಕ್ತಿ ಕೂಡಬೇಕಲ್ವಾ? ಚಾಕು ಬೇಡ. ಕತ್ತರಿಸಿದರೆ ಉಳಿದ ಮೋಟು ಕೊಳೆತು, ಆ ಕೊಳೆ ಗಿಡದ ಬುಡಕ್ಕೂ ಇಳಿಯಬಹುದು. ದಂಟನ್ನು ಬುಡದ ಹತ್ತಿರ ಹಿಡಿದು, ಸ್ವಲ್ಪ ತಿರುಚಿ ಹೊರಗೆ ಎಳೆಯಿರಿ, ಸಲೀಸಾಗಿ ಕಳಚಿ ಬರುತ್ತದೆ. ಒಂದೇ ಸಲ ಎಲ್ಲ ಕೀಳಬೇಡಿ, ಅರ್ಧದಷ್ಟಾದರೂ ಗಿಡದಲ್ಲಿ ಇರಲಿ. ನಿಮ್ಮದು ಹಳೆಯ ಗಿಡವಾದ್ದರಿಂದ ಈ ವರ್ಷವೇ ಕೊಯ್ಯಬಹುದು, ಹೊಸದಾಗಿ ನೆಟ್ಟಿದ್ದರೆ ಮೊದಲ ವರ್ಷ ಮುಟ್ಟಬಾರದು. ನಡುವಿನಿಂದ ದಪ್ಪ ಹೂದಂಡು ಎದ್ದರೆ ಬುಡದಲ್ಲೇ ತೆಗೆಯಿರಿ. ದಂಟು ಹಸಿರಾಗಿದ್ದರೆ ಬಲಿತಿಲ್ಲ ಅಂದುಕೊಳ್ಳಬೇಡಿ. ಬಣ್ಣ ತಳಿಗೆ ಸೇರಿದ್ದು.

ಅಂದಹಾಗೆ, ನೀವು ಇರುವುದೇ ರೂಬಾರ್ಬ್‌ನ ತವರಿನಲ್ಲಿ. ಲೀಡ್ಸ್, ವೇಕ್‌ಫೀಲ್ಡ್, ಬ್ರಾಡ್‌ಫರ್ಡ್ ಸುತ್ತಿನ ಸೀಮೆಗೆ ರೂಬಾರ್ಬ್ ತ್ರಿಕೋನ ಅಂತಲೇ ಹೆಸರು. ಅಲ್ಲಿ ಚಳಿಗಾಲದಲ್ಲಿ ಕತ್ತಲ ಶೆಡ್ಡುಗಳಲ್ಲಿ ಬೆಳೆಸಿ, ಮೇಣದಬತ್ತಿ ಬೆಳಕಿನಲ್ಲಿ ಕೀಳುತ್ತಾರೆ. ಬೆಳಕಿಲ್ಲದೆ ಬೆಳೆದ ದಂಟು ಎಳಸಾಗಿ, ಗುಲಾಬಿ ಬಣ್ಣಕ್ಕಿರುತ್ತದೆ. ಅದಕ್ಕೆ 2010ರಲ್ಲಿ ಯುರೋಪಿನ ಭೌಗೋಳಿಕ ಮಾನ್ಯತೆಯೂ ಸಿಕ್ಕಿತು. ಜನವರಿ, ಫೆಬ್ರವರಿಯಲ್ಲಿ ಅಂಗಡಿಗೆ ಬಂದಾಗ ಒಂದು ಕಟ್ಟು ತಂದು ನೋಡಿ.

ಇನ್ನು ಅಡುಗೆ. ಇಂಗ್ಲಿಷರು ಸಕ್ಕರೆ ಸುರಿದು ಕ್ರಂಬಲ್ (ಮೇಲೆ ಬೆಣ್ಣೆ ಕಲಸಿದ ಹಿಟ್ಟು ಉದುರಿಸಿ ಓವನ್‌ನಲ್ಲಿ ಬೇಯಿಸುವ ಸಿಹಿ) ಮಾಡುತ್ತಾರೆ, ಕಸ್ಟರ್ಡ್ ಜೊತೆ ಚೆನ್ನಾಗೇ ಇರುತ್ತದೆ. ಆದರೆ ನನ್ನ ಮಟ್ಟಿಗೆ ಇದು ಹಣ್ಣಲ್ಲ, ಹುಳಿ. ಹುಣಸೆ, ಮಾವಿನಕಾಯಿ ಬೀಳುವ ಕಡೆಯಲ್ಲೆಲ್ಲ ಇದು ನಡೆಯುತ್ತದೆ. ನಮ್ಮ ಮನೆಯಲ್ಲಿ ಜಾಸ್ತಿ ಆಗುವುದು ಗೊಜ್ಜು. ಎಣ್ಣೆಗೆ ಸಾಸಿವೆ, ನಾಲ್ಕು ಕಾಳು ಮೆಂತ್ಯ, ಇಂಗು, ಕರಿಬೇವು. ಹೆಚ್ಚಿದ ದಂಟು, ಉಪ್ಪು, ಸಾರಿನ ಪುಡಿ ಹಾಕಿ ಮುಚ್ಚಿ. ನೀರು ಹಾಕಬೇಡಿ, ದಂಟೇ ಬೇಕಾದಷ್ಟು ನೀರು ಬಿಡುತ್ತದೆ. ಐದಾರು ನಿಮಿಷದಲ್ಲಿ ಕರಗಿ ಮುದ್ದೆಯಾಗುತ್ತದೆ. ಆಗ ಬೆಲ್ಲ ಹಾಕಿ. ನೀವು ಅಂದುಕೊಂಡದ್ದಕ್ಕಿಂತ ಒಂದು ತುಂಡು ಜಾಸ್ತಿಯೇ ಬೇಕಾಗುತ್ತದೆ. ಚಪಾತಿಗೂ ಸರಿ, ಮೊಸರನ್ನದ ಪಕ್ಕಕ್ಕೂ ಸರಿ.

ಸಾರಿಗೆ ಹಾಕುವುದಾದರೆ ಬೇಳೆ ಪೂರ್ತಿ ಬೆಂದ ಮೇಲೆ ಹಾಕಿ, ಹುಳಿ ಮೊದಲೇ ಬಿದ್ದರೆ ಬೇಳೆ ಬೇಯುವುದಿಲ್ಲ. ತೊಕ್ಕು ಮಾಡಿದರೆ ಮಾವಿನಕಾಯಿಗಿಂತ ಹೆಚ್ಚು ಹೊತ್ತು ಬಾಡಿಸಿ ನೀರು ಆರಿಸಬೇಕು, ಆಮೇಲೂ ಫ್ರಿಜ್‌ನಲ್ಲೇ ಇಡಿ. ಪಾತ್ರೆ ಸ್ಟೀಲಿನದಿರಲಿ. ಅಲ್ಯೂಮಿನಿಯಂ, ಕಬ್ಬಿಣದ ಬಾಣಲೆಗೆ ಈ ಹುಳಿ ಆಗಿಬರುವುದಿಲ್ಲ.

ಮನೆಯಲ್ಲಿ ಯಾರಿಗಾದರೂ ಕಿಡ್ನಿಯಲ್ಲಿ ಕಲ್ಲು ಆಗಿದ್ದರೆ ಡಾಕ್ಟರನ್ನು ಕೇಳಿಯೇ ತಿನ್ನಿಸಿ. ಪಾಲಕ್‌ನ ಹಾಗೆ ಈ ದಂಟಿನಲ್ಲೂ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಇದೆ.

ಮೇ ತಿಂಗಳಲ್ಲಿ ತಿಂದು ಮುಗಿಸಲಾಗದಷ್ಟು ಬರುತ್ತದೆ. ತೊಳೆದು, ಒರೆಸಿ, ಹೆಚ್ಚಿ ಹಸಿಯಾಗಿಯೇ ಫ್ರೀಜರ್‌ಗೆ ಹಾಕಿ. ಗೊಜ್ಜಿಗೆ ಅದನ್ನು ಕರಗಿಸುವ ಗೋಜೂ ಇಲ್ಲ, ನೇರ ಒಗ್ಗರಣೆಗೆ ಹಾಕಬಹುದು.