ಕಡಿಮೆ ಬಜೆಟ್ಟಿನ ಐಆರ್‌ಎ ಸಿನಿಮಾಗಳಲ್ಲಿ 1971ರ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಹೇಗೆ ತೋರಿಸುತ್ತಾರೆ?

ಹೆಚ್ಚಾಗಿ ಬೇರೆ ಊರಲ್ಲಿ ಶೂಟ್ ಮಾಡಿ ತೋರಿಸುತ್ತಾರೆ. ಐಆರ್‌ಎ (ಬ್ರಿಟಿಷ್ ಆಳ್ವಿಕೆ ವಿರುದ್ಧ ಹೋರಾಡಿದ ಸಶಸ್ತ್ರ ಗುಂಪು), ಯುವಿಎಫ್ (ಬ್ರಿಟನ್ ಪರ ಸಶಸ್ತ್ರ ಗುಂಪು) ಸೇರುವ ಹುಡುಗರ ಕಥೆಗೆ ಬೇಕಾದ ಹಳೇ ಬೆಲ್‌ಫಾಸ್ಟ್ ಈಗ ಉಳಿದಿಲ್ಲ. 2014ರ “’71” ಚಿತ್ರ ತೆಗೆದದ್ದು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್, ಲಿವರ್‌ಪೂಲ್, ಶೆಫೀಲ್ಡ್‌ಗಳಲ್ಲಿ, ಹಗಲಿನ ದೃಶ್ಯಗಳು 16 ಎಂಎಂ ಫಿಲ್ಮಿನಲ್ಲಿ, ರಾತ್ರಿಯವು ಡಿಜಿಟಲ್‌ನಲ್ಲಿ.

ಇನ್ನೂ ಅಗ್ಗದ ದಾರಿ ಶಬ್ದ. ಬ್ರಿಟಿಷ್ ಸೈನಿಕರು ಬಂದರೆಂದು ಎಚ್ಚರಿಸಲು ಬೆಲ್‌ಫಾಸ್ಟಿನ ಹೆಂಗಸರು ಕಸದ ಡಬ್ಬಿಯ ತಗಡಿನ ಮುಚ್ಚಳ ನೆಲಕ್ಕೆ ಬಡಿಯುತ್ತಿದ್ದರು. ಒಂದು ಅಡುಗೆಮನೆ, ಕಿಟಕಿಯಾಚೆ ಆ ಸದ್ದು: ಸೇನೆಯ ಗಾಡಿ ಬಾಡಿಗೆಗೆ ತರುವ ಖರ್ಚೇ ಇಲ್ಲ.

ಎಡವಟ್ಟಾಗುವುದು ಗೋಡೆಗಳಲ್ಲಿ. ಡಿಶ್ ಆಂಟೆನಾ, ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿ ಸರಿ, ಎಲ್ಲರಿಗೂ ಕಾಣುತ್ತವೆ. ಆದರೆ ರಿಪಬ್ಲಿಕನ್ (ಐಆರ್‌ಎ ಕಡೆಯವರ) ಗೋಡೆಚಿತ್ರಗಳು ಹೆಚ್ಚಿದ್ದು 1981ರ ಜೈಲಿನ ಉಪವಾಸ ಮುಷ್ಕರದ ಹೊತ್ತಿಗೆ. 1971ರ ಕಥೆಗೆ ಬ್ರಷ್ಷಿನಲ್ಲಿ ಗೀಚಿದ ಘೋಷಣೆ ಸಾಕು. ಫುಟ್‌ಪಾತಿನ ಅಂಚುಕಲ್ಲಿಗೆ ಕೆಂಪು-ಬಿಳಿ-ನೀಲಿ ಬಳಿದಿದ್ದರೆ ಅದು ಬ್ರಿಟನ್ ಪರ ಕೇರಿ. ಐಆರ್‌ಎ ಹುಡುಗನ ಮನೆ ಮುಂದೆ ಆ ಬಣ್ಣ ಕಂಡರೆ, ಗೊತ್ತಿದ್ದವರು ಅಲ್ಲೇ ನಗುತ್ತಾರೆ.